ಗೊಂಬೆ ನಿಂತ ಬಗೆ

ಎಡಗಾಲಿನ ಹಿಮ್ಮಡಿ ನೆಲದಿಂದ ಒಂದು ಅಕ್ಕಿಕಾಳಿನಷ್ಟು ಮೇಲಿತ್ತು. ಅದರ ಕೆಳಗೆ ಚೂರು ಮೇಣ ಒತ್ತಿ, ಸೊಂಟವನ್ನು ಬಲಕ್ಕೆ ಜರುಗಿಸಿ, ಎಡ ಭುಜವನ್ನು ತುಸು ಇಳಿಬಿಟ್ಟೆ. ಗೊಂಬೆ ಆಗ ನಿಂತಿತು. ಅಲ್ಲಿಯವರೆಗೆ ಅದನ್ನು ನಿಲ್ಲಿಸಲಾಗಿತ್ತು, ಅಷ್ಟೆ.

ಕೀಲುಕೀಲೂ ತಿರುಗುವ, ಗೇಣುದ್ದದ ಆಕ್ಷನ್ ಫಿಗರ್ ಗೊಂಬೆಗಳನ್ನು ನಾನು ಕೂಡಿಡುತ್ತೇನೆ; ಅವುಗಳ ಫೋಟೊ ತೆಗೆಯುತ್ತೇನೆ. ಕಾಲೇಜಿನಲ್ಲಿ ಹತ್ತಿದ ಈ ಹವ್ಯಾಸದ ವಿಷಯ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಕತ್ತಿ ಎತ್ತಿ ಹಾರುವ ಭಂಗಿ ಸುಲಭ. ಸುಮ್ಮನೆ ನಿಂತಿರುವುದೇ ಕಷ್ಟ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟರೆ ಅಂಗಡಿಯ ಶೋಕೇಸಿನ ಗೊಂಬೆಯಂತೆಯೇ ಕಾಣುತ್ತದೆ. ದಣಿದವರು ಹೇಗೆ ನಿಲ್ಲುತ್ತಾರೆಂದು ನಾನು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನೋಡಿ ಕಲಿತೆ. ಕಲಿತೆ ಎಂದೇ ತಿಳಿದಿದ್ದೆ.

ಆ ಭಾನುವಾರ ಮಧ್ಯಾಹ್ನ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ, ಮನೆಬಾಗಿಲ ಮುಂದಿನ ಗ್ಯಾಲರಿಯಲ್ಲಿ ಹೆಲ್ಮೆಟ್ ತೊಟ್ಟ ಸೈನಿಕನೊಬ್ಬನನ್ನು ರಟ್ಟಿನ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದ್ದೆ. ಗಾಡಿ ತಡವಾದ ಮನುಷ್ಯನಂತೆ ಅವನು ಕಾಣಬೇಕಿತ್ತು. ಫೋನನ್ನು ನೆಲಕ್ಕೆ ಆನಿಸಿ, ಅವನ ಎದೆಯ ಮಟ್ಟದಿಂದ ಫೋಟೊ ತೆಗೆದೆ. ಪವಾಯಿಯಲ್ಲಿ ನಮ್ಮಂಥ ಹವ್ಯಾಸಿಗಳು ಸೇರಿ ಇಡುವ ಪ್ರದರ್ಶನಕ್ಕೆ ಕಳಿಸುವ ಮೊದಲು, ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವ್ವನಿಗೆ ತೋರಿಸಿದೆ.

“ಅಯ್ಯ! ಥೇಟ್ ನಿಮ್ಮಪ್ಪ ನಿಂತಂಗ ನಿಂತದಲ್ಲ!” ಎಂದು ನಕ್ಕಳು. ನಕ್ಕವಳು ಅರ್ಧಕ್ಕೇ ನಿಲ್ಲಿಸಿ ಒಳಕೋಣೆಯ ಕಡೆ ನೋಡಿದಳು.

ಕಳೆದ ವರ್ಷ ಅಪ್ಪನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಈಗ ನಡೆಯುತ್ತಾರೆ, ಒಬ್ಬರೇ ಸ್ನಾನ ಮಾಡುತ್ತಾರೆ. ಮುಂದಿನ ವಾರ ದಾದರ್‌ನ ಬಟ್ಟೆ ಅಂಗಡಿಯ ಕೆಲಸಕ್ಕೆ ಮರಳುವವರಿದ್ದರು. ದಿನವಿಡೀ ಕೌಂಟರಿನ ಹಿಂದೆ ನಿಲ್ಲುವ ಕೆಲಸ. ಮನೆಯಲ್ಲಿ ನಾವು ಬೆಳಗಾದರೆ “ಪೂರಾ ನೆಟ್ಟಗಾಗೀರಿ” ಎನ್ನುತ್ತಿದ್ದೆವು. ಅವರು ಅದನ್ನು ನಂಬಿದ್ದರು.

“ಏನದು? ನನಗೂ ತೋರಸ್ರಿ,” ಒಳಗಿನಿಂದ ಅಪ್ಪ ಕೂಗಿದರು.

“ಏನಿಲ್ರೀ, ಆಕೀ ಗೊಂಬಿ,” ಎಂದಳು ಅವ್ವ.

“ಗೊಂಬಿ ನನ್ನಂಗ ನಿಂತದಂತ ಕೇಳಸ್ತು. ಲಕ್ವಾ ಹೊಡದದ್ದು ಕೈಕಾಲಿಗೆ, ಕಿವಿಗಲ್ಲ.”

ಫೋನ್ ಕೊಟ್ಟೆ. ಬಲಗೈ ಬೆರಳಿನಿಂದ ಫೋಟೊ ಹಿಗ್ಗಿಸಿ ಬಹಳ ಹೊತ್ತು ನೋಡಿದರು.

“ಭಾಳ ಚಲೋ ಬಂದದ. ಖರೇ ಮನಷ್ಯಾನಂಗ ಅದ.” ಆಮೇಲೆ ಕೇಳಿದರು: “ನಾ ಹಿಂಗ ನಿಂದರತೀನೇನು?”

“ಎಲ್ಲೀದ್ರೀ! ನೀವು ನೆಟ್ಟಗ ನಿಂದರತೀರಿ,” ಎಂದಳು ಅವ್ವ.

“ನಿನ್ನ ಕೇಳಿಲ್ಲ ಮಾರಾಯ್ತಿ, ಫೋಟೋಗ್ರಾಫರಗ ಕೇಳೀನಿ.”

“ಪತಾ ನಹೀ ಅಪ್ಪಾ... ನಾ ನಿಮ್ಮನ್ನ ನೋಡಿ ಮಾಡಿಲ್ಲ,” ಎಂದೆ. ಗಾಬರಿಯಾದಾಗ ನನ್ನ ಕನ್ನಡ ಹೀಗೆಯೇ ನಡುವೆ ಕೈಕೊಟ್ಟು, ಗೊತ್ತಿಲ್ಲ ಎನ್ನುವುದಕ್ಕೂ ಹಿಂದಿ ಬರುತ್ತದೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತಿತ್ತು. ನಾನು ಹೇಳಿದ್ದಾದರೂ ನಿಜವೇ? ರೈಲಿನ ಯಾವ ಹೆಂಗಸಿನ ಭುಜವೂ ಆ ಕ್ಷಣ ನೆನಪಿಗೆ ಬರಲಿಲ್ಲ.

“ಹಂಗಾರ ನಾಳೆ ನನ್ನ ಫೋಟೋ ತಗಿ. ಅಂಗಡ್ಯಾಗ ಗಿರಾಕಿ ನೋಡೂಕಿಂತ ಮೊದಲ ನಾ ನೋಡತೀನಿ.”

ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. “ಈಗ ಅವರ ಧೈರ್ಯ ಕಳೀಬ್ಯಾಡ. ತಗಿಯೂದಾದ್ರ ನೆಟ್ಟಗ ಕಾಣೂಹಂಗ ತಗಿ. ಗೊಂಬೀಗೆ ಅಷ್ಟೆಲ್ಲಾ ಮಾಡ್ತಿ, ಹಡದ ಅಪ್ಪಗ ಇಷ್ಟು ಮಾಡಾಕ ಬರೂದಿಲ್ಲೇನು?”

ಬರುತ್ತಿತ್ತು. ಗೋಡೆಗೆ ಒರಗಿಸಿ, ಬಲಗಡೆಯಿಂದ, ತುಸು ಕೆಳಗಿನಿಂದ ತೆಗೆದರೆ ಅವರ ಇಳಿದ ಎಡ ಭುಜ ಕಾಣುವುದೇ ಇಲ್ಲ. ಆ ಫೋಟೊ ನೋಡಿ ಅವರು ಖುಷಿಯಿಂದ ಕೆಲಸಕ್ಕೆ ಹೋದಾರು. ಅಲ್ಲಿ ಯಾರಾದರೂ ಒಂದು ಮಾತು ಆಡಿದರೆ? ಇದ್ದದ್ದನ್ನು ಇದ್ದಂತೆ ತೋರಿಸಿ, ಅವರು ಮನೆಯಲ್ಲೇ ಕುಳಿತುಬಿಟ್ಟರೆ? ಅವ್ವ ಹೇಳಿದ್ದೂ ಸರಿ ಎನಿಸುತ್ತಿತ್ತು, ಅಪ್ಪ ಕೇಳಿದ್ದೂ ಸರಿ ಎನಿಸುತ್ತಿತ್ತು. ಪವಾಯಿಗೆ ಕಳಿಸಬೇಕಾದ ಫೋಟೊವನ್ನು ಕಳಿಸದೆ ಇಟ್ಟುಕೊಂಡೆ. ಅದು ನನ್ನದೋ ಅವರದೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಗೆ ಹೋಗುವಂತೆ ಇಸ್ತ್ರಿಯ ಅಂಗಿ ತೊಟ್ಟು, ತಲೆ ಬಾಚಿಕೊಂಡು ಗ್ಯಾಲರಿಗೆ ಬಂದರು. ಅವ್ವ ಬಾಗಿಲಲ್ಲಿ ನಿಂತು ನನಗೆ ಕಣ್ಣಿನಿಂದಲೇ ಗೋಡೆ ತೋರಿಸಿದಳು. ಒರಗಿ ಎಂದು ನಾನು ಹೇಳಲಿಲ್ಲ, ಭುಜ ಎತ್ತಿ ಎಂದೂ ಹೇಳಲಿಲ್ಲ. ಎದುರಿನಿಂದ ಒಂದು, ಎಡಗಡೆಯಿಂದ ಒಂದು ಫೋಟೊ ತೆಗೆದೆ. ಫೋನನ್ನು ಅವರ ಕೈಗೆ ಕೊಟ್ಟು, ಅವರು ನೋಡಿ ಮುಗಿಸುವವರೆಗೆ ಪಕ್ಕದಲ್ಲೇ ನಿಂತೆ.