ಮೌತ್ ಆರ್ಗನ್ನಿಗೆ ಇಟ್ಟ ಕುಂಕುಮ

ನಾವಿದ್ದ ಘಾಜಿಯಾಬಾದಿಗೆ ದಿಲ್ಲಿ ಮೆಟ್ರೊ ಇನ್ನೂ ಬಂದಿರಲಿಲ್ಲ. ನನ್ನ ಮಗಳು ‘ಸೋಲ್’ ಎಂಬ ಅಮೆರಿಕನ್ ಸಂಗೀತದ ಬ್ಯಾಂಡೊಂದರಲ್ಲಿ ಹಾಡುತ್ತಿದ್ದಳು. ಮೌತ್ ಆರ್ಗನ್ ನುಡಿಸಲು ಅವಳ ತಮ್ಮನೂ ಆಗಷ್ಟೇ ಸೇರಿದ್ದ. ಆಯುಧ ಪೂಜೆಯ ದಿನ ನಾನು ಹೊಲಿಗೆ ಯಂತ್ರ, ಈಳಿಗೆಮಣೆಗಳ ಜೊತೆ ಅವನ ಮೌತ್ ಆರ್ಗನ್ನಿಗೂ ಧಾರಾಳವಾಗಿ ಕುಂಕುಮ ಇಟ್ಟೆ. ಪುಡಿ ತೂತಿನೊಳಗೆ ಇಳಿದು ಒಂದು ಸ್ವರ ನಿಂತೇಹೋಯಿತು. ಗೊತ್ತಾಗಿದ್ದು ಸಂಜೆ, ಅವನ ಮೊದಲ ಕಾರ್ಯಕ್ರಮಕ್ಕೆ ಹೊರಡುವಾಗ.

“ಅಮ್ಮಾ, ಯೇ ಕ್ಯಾ ಕಿಯಾ? ನಾನು ಬರಲ್ಲ,” ಎಂದು ಕುಳಿತುಬಿಟ್ಟ.

“ಚಲೋ, ಏಳೋ. ಆ ಸ್ವರ ಬಂದಾಗ ನಾನು ಹಾಡ್ತೀನಿ, ನೀನು ಉಸಿರು ತಗೋ,” ಎಂದಳು ಅಕ್ಕ.

ಹಾಗೆಯೇ ನಡೆಯಿತು. ಅವನು ನಿಲ್ಲಿಸಿದಲ್ಲೆಲ್ಲ ಅವಳ ದನಿ ಕೇಳಿ, ಇಷ್ಟು ಸಾಕು ಎಂದು ಕೂತಲ್ಲೇ ದೇವರಿಗೆ ಕೈ ಮುಗಿದೆ.

ಮರುವರ್ಷ ಮೌತ್ ಆರ್ಗನ್ನನ್ನು ಅವನೇ ಪೂಜೆಗೆ ತಂದಿಟ್ಟ, ಅದರ ಡಬ್ಬಿಯೊಳಗೆ ಮುಚ್ಚಿ. “ಕುಂಕುಮ ಈ ಡಬ್ಬಿ ಮೇಲೆ ಇಡಮ್ಮ,” ಎಂದ.