ರೇಡಿಯೋದಲ್ಲಿ ಬಂದ ಬಿಸಿಲು

"ಹಂಗಾರ ಆವತ್ತು ಕ್ಯಾಚ್ ಬಿಟ್ಟೋರು ನೀವೇ ಏನ್ರೀ!"

ಮಾನ್ವಿ ಬಸ್ಸಿನಲ್ಲಿ ನನ್ನ ಹೆಸರು ಕೇಳುತ್ತಲೇ ಪಕ್ಕದ ಸೀಟಿನ ಹಿರಿಯರು ಕೂಗಿದರು. ದನಿಯ ಗುರುತು ಹತ್ತಿತು. ಮೂವತ್ತು ವರ್ಷ ರೇಡಿಯೋದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೊಟ್ಟವರು. ಕಾಲೇಜು ದಿನಗಳಲ್ಲಿ ರಾಯಚೂರಿನ ಪಂದ್ಯವೊಂದರಲ್ಲಿ ನಾನು ಸುಲಭದ ಕ್ಯಾಚ್ ಬಿಟ್ಟಾಗ, "ಪಾಪ, ಕಣ್ಣಿಗೆ ಬಿಸಿಲು ಹೊಡೆಯಿತು" ಎಂದು ಹೇಳಿ ಮಾನ ಉಳಿಸಿದ್ದರು.

"ಆವತ್ತು ಮೋಡ ಕವಿದಿತ್ತಲ್ರೀ ಸರ್?" ಎಂದೆ.

"ರೇಡಿಯೋದಾಗ ಮೋಡ ಕಾಣತಾವೇನ್ರೀ? ನಿಮ್ಮ ಮನ್ಯಾಗ ಯಾರರ ಕೇಳಾಕತ್ತಿರತಾರ ಅಂತ ಹಂಗಂದೆ" ಎಂದು ನಕ್ಕರು.

ಕೇಳುತ್ತಿದ್ದದ್ದು ದೇವದುರ್ಗದಲ್ಲಿದ್ದ ಅಪ್ಪ. ಅಲ್ಲೂ ಆವತ್ತು ದಿನವಿಡೀ ಮೋಡವೇ. ಆದರೂ ಎಂಬತ್ತು ದಾಟಿದ ಅಪ್ಪ, ಆ ಕ್ಯಾಚಿನ ಮಾತು ಬಂದರೆ ಇಂದಿಗೂ ಬಿಸಿಲನ್ನೇ ಬೈಯುತ್ತಾರೆ.