ಅಕ್ಕಡಿ ಸಾಲಿನ ಅವರೆ

ನಮ್ಮತ್ತೆ ಪಾವಗಡದ ಕಡೆಯಿಂದ ಶಿರಾ ತಾಲ್ಲೂಕಿನ ನಮ್ಮೂರಿಗೆ ಸೊಸೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು ಒಂದು ಹಿಡಿ ಅವರೆ ಬೀಜ. ಕಂದು ಮೈಯ ಸಣ್ಣ ಕಾಳು. ಮಳೆ ಕೈಕೊಟ್ಟರೂ ಇಬ್ಬನಿಗೇ ಕಾಯಿ ಕಟ್ಟುತ್ತಿತ್ತು. ಕಾಯಿ ಸುಲಿದರೆ ಸಂಜೆವರೆಗೂ ಬೆರಳಲ್ಲಿ ಸೊಗಡು. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅದನ್ನು ಬಿತ್ತುವ ಕೆಲಸ ಅತ್ತೆಯದೇ. ನೇಗಿಲ ಹಿಂದೆ ಅವರು ಕಾಳು ಬಿಡುತ್ತಾ ಹೋದರೆ, ನಾನು ಹಿಂದಿನಿಂದ ಕಾಲಲ್ಲಿ ಮಣ್ಣು ಮುಚ್ಚುತ್ತಾ ಹೋಗಬೇಕು. ಒಂದು ಸಾಲಾದರೂ ಬಿಡಲು ನನಗೆ ಕೊಟ್ಟವರಲ್ಲ.

"ನಿಮ್ಗೆ ಸೊಸೆಗಿಂತ ಬೀಜನೇ ಹೆಚ್ಚು" ಎಂದು ರೇಗಿಸಿದರೆ, "ಅದು ನಿನಗಿಂತ ಮುಂಚೆ ಬಂದೈತೆ ಕಣಮ್ಮ" ಎನ್ನುತ್ತಿದ್ದರು.

ಪ್ರತಿ ವರ್ಷ ಒಂದಿಷ್ಟು ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿ ಉಳಿಸುವುದು ವಾಡಿಕೆ. ಹೋದ ವರ್ಷ ಮೊದಲ ಬಿತ್ತನೆ ಮೊಳೆಯಲೇ ಇಲ್ಲ. ಮಡಕೆಯದನ್ನೂ ಒಂದು ಕಾಳು ಉಳಿಸದೆ ತಂದು ಬಿತ್ತಿದರು. ಎರಡನೇ ಸಲ ಚೆನ್ನಾಗಿ ಹುಟ್ಟಿತು. ಕಳೆಯೂ ಹುಟ್ಟಿತು. ಆಳು ಸಿಗಲಿಲ್ಲ. ಅತ್ತೆ ಸೊಂಟ ಹಿಡಿದುಕೊಂಡೇ ಕಳೆ ಕೀಳುವುದನ್ನು ನೋಡಲಾರದೆ ನನ್ನ ಗಂಡ ಕಳೆ ಔಷಧಿ ತಂದು ಹೊಲಕ್ಕೆಲ್ಲ ಹೊಡೆದರು. ರಾಗಿಗೆ ಏನೂ ಆಗಲ್ಲ ಅಂತ ಯಾರೋ ಹೇಳಿದ್ದರಂತೆ. ನಿಜ, ರಾಗಿಗೆ ಏನೂ ಆಗಲಿಲ್ಲ. ಅಗಲ ಎಲೆಯದ್ದೆಲ್ಲ ಸುರುಟಿಕೊಂಡು ಸತ್ತಿತು, ಕಳೆಯ ಜೊತೆ ಅವರೆಯೂ.

ನಾನು ಗಂಡನನ್ನು ಬಾಯಿಗೆ ಬಂದ ಹಾಗೆ ಬೈದೆ. ಅತ್ತೆ ಬೈಯಲಿಲ್ಲ. "ಪೋನೀ ಬುಡು, ನನ್ ಸೊಂಟ ನೋಡಿ ಮಾಡ್ದ" ಎಂದರು. ಬೈದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

ಅದೇ ಬೀಜ ಸಿಕ್ಕೀತೆಂದು ಪಾವಗಡದ ಬಸ್ಸು ಹತ್ತಿ ಅವರ ತವರಿಗೆ ಹೋದೆವು. ಅಲ್ಲಿ ಈಗ ಬರೀ ಕಡಲೆಕಾಯಿ. "ಅವರೆ ಹಾಕೋದು ಯಾವಾಗ್ಲೋ ಬುಟ್ವಿ ಅಕ್ಕಾ, ನಾವೂ ಸಂತೇಲೇ ತರೋದು" ಎಂದರು ಅತ್ತೆಯ ತಮ್ಮ. ವಾಪಸ್ ಬರುವಾಗ ಅತ್ತೆ ಕಿಟಕಿಯಾಚೆ ಒಂದೊಂದು ಹೊಲವನ್ನೂ ನೋಡುತ್ತಾ ಬಂದರು.

ಈ ವರ್ಷ ಬಿತ್ತನೆಗೆ ನನ್ನ ಗಂಡ ಕೊರಟಗೆರೆಯಿಂದ ಬೇರೆ ಅವರೆ ತಂದರು. ಅತ್ತೆ ಒಂದು ಕಾಳನ್ನು ಬೆರಳಲ್ಲಿ ಉರುಳಿಸಿ ನೋಡಿ, ಚೀಲವನ್ನು ಬದುವಿನ ಮೇಲಿಟ್ಟರು. ಎತ್ತು ಹೊರಟ ಕೂಡಲೇ ನೇಗಿಲ ಹಿಂದೆ ಬರಿಗೈಯಲ್ಲಿ ನಡೆದರು. ಮಡಿಲಿಗೆ ಕೈ ಹಾಕುವುದು, ಬೆರಳು ಸಡಿಲಿಸುವುದು, ಎಲ್ಲ ಎಂದಿನಂತೆಯೇ. ಏನೂ ಬೀಳುತ್ತಿರಲಿಲ್ಲ.

ನನ್ನ ಗಂಡ ಎತ್ತು ನಿಲ್ಲಿಸಲು ನೋಡಿದರು. ಬೇಡ ಎಂದು ಕೈಸನ್ನೆ ಮಾಡಿದೆ. ಅತ್ತೆಯ ಹಿಂದೆಯೇ ಆ ಖಾಲಿ ಸಾಲಿಗೆ ಕಾಲಲ್ಲಿ ಮಣ್ಣು ಮುಚ್ಚುತ್ತಾ ಹೋದೆ.